ಕಿತ್ತು ನೆಟ್ಟರೆ ಮುನಿಯುವ ಲವಟೇರಾ

ಅಕ್ಟೋಬರ್ ಮೂರನೇ ವಾರ, ಚಿತ್ತಾ ಮಳೆಯ ಕೊನೆಯ ಪಾದ. ಎರಡು ದಿನ ಬಿಸಿಲು ಬಿದ್ದಿತ್ತು. ಬೆಳಿಗ್ಗೆ ಮಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು, ಹೆಬ್ಬೆರಳಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಬೆಂಗಳೂರಿನಲ್ಲಿ ಲವಟೇರಾ ಎಂಬ ಹೂಗಿಡದ ಬೀಜ ಹಾಕಲು ಈ ಹದ ಬೇಕು. ಹತ್ತು ದಿನ ಮೊದಲೇ ಹಾಕಿದ್ದರೆ ಜಡಿಮಳೆಗೆ ಬೀಜ ಕೊಚ್ಚಿಹೋಗುತ್ತಿತ್ತು, ಇಲ್ಲವೇ ಮೊಳಕೆ ಬುಡದಲ್ಲಿ ಕೊಳೆಯುತ್ತಿತ್ತು. ನವೆಂಬರ್ ಕೊನೆಗೆ ಹಾಕಿದರೆ ಹೂವಿನ ಹೊತ್ತಿಗೆ ಮಾರ್ಚ್ ಬಿಸಿಲು ಎದುರಾಗುತ್ತದೆ.

ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನೆಲದ ಗಿಡ. ಹಳೆಯ ಶಾಸ್ತ್ರೀಯ ಹೆಸರು ಲವಟೇರಾ ಟ್ರೈಮೆಸ್ಟ್ರಿಸ್. ಈಗ ಸಸ್ಯವಿಜ್ಞಾನಿಗಳು ಇದನ್ನು ಮಾಲ್ವಾ ಕುಲಕ್ಕೆ ಸೇರಿಸಿದ್ದಾರೆ, ಆದರೆ ಬೀಜದ ಪೊಟ್ಟಣದ ಮೇಲೆ ಹಳೆಯ ಹೆಸರೇ ಉಳಿದಿದೆ. ಟ್ರೈಮೆಸ್ಟ್ರಿಸ್ ಎಂದರೆ ಮೂರು ತಿಂಗಳಿನದು. ಬಿತ್ತಿ ಹತ್ತು ಹನ್ನೆರಡು ವಾರಕ್ಕೆ ಹೂ ಬರುತ್ತದೆ, ಅಂದರೆ ಅಕ್ಟೋಬರಿನಲ್ಲಿ ಹಾಕಿದ್ದು ಸಂಕ್ರಾಂತಿ ಹೊತ್ತಿಗೆ ಅರಳುತ್ತದೆ. ದಾಸವಾಳ, ಬೆಂಡೆ, ಹತ್ತಿ, ಪುಂಡಿ ಎಲ್ಲ ಇದರ ನೆಂಟರೇ. ಆದರೆ ದಾಸವಾಳದ ಹಾಗೆ ಕಡ್ಡಿ ನೆಟ್ಟು ವರ್ಷಾನುಗಟ್ಟಲೆ ಇಟ್ಟುಕೊಳ್ಳುವ ಗಿಡವಲ್ಲ. ಒಂದು ಹಂಗಾಮು ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ.

ಮಡಿ ಸಿದ್ಧಮಾಡುವಾಗಲೇ ಅರ್ಧ ತಪ್ಪು ಆಗಿಹೋಗುತ್ತದೆ, ಅದೂ ಅಕ್ಕರೆಯಿಂದ. ಗುಲಾಬಿಗೆ ಕೊಟ್ಟಷ್ಟು ಗೊಬ್ಬರವನ್ನು ಇದಕ್ಕೂ ಸುರಿಯುತ್ತಾರೆ. ಸಾರಜನಕ ಹೆಚ್ಚಾದರೆ ಎಲೆ ಅಂಗೈಯಗಲ ಆಗುತ್ತದೆ, ಕಾಂಡ ನೀರು ತುಂಬಿ ಮೆತ್ತಗಾಗುತ್ತದೆ, ಹೂ ಮಾತ್ರ ಬೆರಳೆಣಿಕೆ. ಒಂದು ಚದರ ಮೀಟರಿಗೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ 2 ಕಿಲೋ, ಬೇವಿನ ಹಿಂಡಿ 100 ಗ್ರಾಂ ಸಾಕು. ಯೂರಿಯಾದ ಮಾತೇ ಬೇಡ. ಅಗೆಯುವುದು ಮಾತ್ರ ಒಂದಡಿ ಆಳಕ್ಕೆ, ಯಾಕೆಂದರೆ ಇದರ ತಾಯಿಬೇರು ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ನಮ್ಮ ಕೆಮ್ಮಣ್ಣು ಮಳೆ ಬಿದ್ದು ಒಣಗಿದರೆ ಮೇಲೆ ಹಕ್ಕಳೆ ಕಟ್ಟುತ್ತದೆ, ಮೊಳಕೆ ಅದನ್ನು ಸೀಳಿಕೊಂಡು ಬರಲಾರದು. ಅದಕ್ಕೆ ಮೇಲಿನ ಮೂರು ಇಂಚಿಗೆ ಮಣ್ಣಿನ ಕಾಲುಭಾಗದಷ್ಟು ದಪ್ಪ ಮರಳು ಬೆರೆಸುವುದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಮನೆಯ ಗೋಡೆ ನೆರಳಿನಲ್ಲಿ ಗಿಡ ಬೆಳಕನ್ನು ಹುಡುಕಿಕೊಂಡು ವಾಲುತ್ತದೆ.

ಬೀಜ ಕಂದು ಬಣ್ಣದ್ದು, ಬೆಂಡೆ ಬೀಜಕ್ಕಿಂತ ಚಿಕ್ಕದು, ಚಪ್ಪಟೆ. ಒಂದು ಗ್ರಾಮಿನಲ್ಲಿ ನೂರಕ್ಕೂ ಹೆಚ್ಚು ಇರುತ್ತವೆ. ಹೊಸ ಬೀಜವನ್ನು ನೆನೆಸಬೇಕೆಂದೇನೂ ಇಲ್ಲ. ಮನೆಯಲ್ಲೇ ಎತ್ತಿಟ್ಟ, ಸಿಪ್ಪೆ ಗಟ್ಟಿಯಾದ ಬೀಜವಾದರೆ ರಾತ್ರಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಬೆಳಿಗ್ಗೆ ತೆಗೆಯುವುದು ಒಳ್ಳೆಯದು. ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ನೆನೆದರೆ ಗಾಳಿಯಿಲ್ಲದೆ ಒಳಗೇ ಕೆಡುತ್ತದೆ.

ಆ ಬೆಳಿಗ್ಗೆ ಹಗ್ಗ ಕಟ್ಟಿ ಒಂದೂವರೆ ಅಡಿ ಅಂತರದಲ್ಲಿ ಸಾಲು ಗೀರಿ, ಸಾಲಿನಲ್ಲಿ ಒಂದೊಂದಡಿಗೆ ಮೂರು ಬೀಜ ಹಾಕಿದ್ದಾಯಿತು. ಆಳ ಅರ್ಧ ಸೆಂಟಿಮೀಟರ್, ಅದಕ್ಕಿಂತ ಹೆಚ್ಚಿಲ್ಲ. ಮೇಲೆ ಮರಳು ಬೆರೆತ ಮಣ್ಣು ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ, ಸಣ್ಣ ತೂತಿನ ಝಾರಿಯಲ್ಲಿ ನೀರು. ಚೆಲ್ಲಿ ಬಿತ್ತದೆ ಸಾಲು ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಇದೇ ಕುಟುಂಬದ ಕಳೆ ಭೀಮನಕಡ್ಡಿಯ ಮೊಳಕೆಗೂ ಹೃದಯದಾಕಾರದ ಎಳೆಲೆಯೇ ಇರುತ್ತದೆ. ಸಾಲಿಲ್ಲದಿದ್ದರೆ ಕಳೆಯನ್ನು ಸಾಕಿ ಲವಟೇರಾ ಕೀಳುವ ಪ್ರಸಂಗ ಬರುತ್ತದೆ.

ಟ್ರೇನಲ್ಲಿ ಸಸಿ ಮಾಡಿ ಆಮೇಲೆ ನೆಟ್ಟರಾಗದೇ ಎಂದು ಕೇಳುವವರಿಗೆ ಉತ್ತರ ಆ ತಾಯಿಬೇರಿನಲ್ಲೇ ಇದೆ. ಕಿತ್ತಾಗ ಅದರ ತುದಿ ತುಂಡಾದರೆ ಗಿಡ ಸಾಯದಿದ್ದರೂ ಎರಡು ಮೂರು ವಾರ ಇದ್ದಲ್ಲೇ ನಿಂತು, ಮೊಣಕಾಲೆತ್ತರಕ್ಕೂ ಬಾರದೆ ಅವಸರದಲ್ಲಿ ನಾಲ್ಕು ಹೂ ಬಿಟ್ಟು ಮುಗಿಸುತ್ತದೆ. ಬಸವನಹುಳುವಿನ ಕಾಟ ಹೆಚ್ಚಿದ್ದು ನೆಲಕ್ಕೆ ಹಾಕಲಾಗದಿದ್ದರೆ ಕಾಗದದ ಲೋಟದಲ್ಲಿ ಎರಡು ಬೀಜ ಹಾಕಿ, ಎರಡನೇ ಜೊತೆ ಎಲೆ ಮೂಡುವ ಮೊದಲೇ ಲೋಟ ಹರಿದು ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಬಹುದು. ಕುಂಡದವರು ಹನ್ನೆರಡು ಇಂಚಿನ ಕುಂಡಕ್ಕೇ ನೇರವಾಗಿ ಬಿತ್ತುವುದು ವಾಸಿ. ಕುಳ್ಳ ತಳಿಯಾದರೆ ಅಂಥದ್ದೊಂದರಲ್ಲಿ ಮೂರು ಗಿಡ ಹಿಡಿಸುತ್ತವೆ.

ಏಳರಿಂದ ಹದಿನಾಲ್ಕು ದಿನದೊಳಗೆ ಮೊಳಕೆ. ಈ ಅವಧಿಯಲ್ಲಿ ದಿನಾ ಸಂಜೆ ನೀರು ಹಾಕುವವರ ಸಸಿ ರಾತ್ರಿಯಿಡೀ ತೇವದಲ್ಲಿ ನಿಂತು, ಬುಡ ಕಪ್ಪಾಗಿ ದಾರದಂತೆ ಸಣ್ಣಗಾಗಿ ಮಗುಚುತ್ತದೆ. ಇದು ಮಣ್ಣಿನ ಶಿಲೀಂಧ್ರದ ಕೆಲಸ. ನೀರು ಬೆಳಿಗ್ಗೆಯೇ, ಅದೂ ಮೇಲ್ಮಣ್ಣು ಆರಿದ ಮೇಲೆ. ಸಸಿ ಮೂರಿಂಚು ಆದಾಗ ಮೂರರಲ್ಲಿ ಗಟ್ಟಿಯಾದದ್ದನ್ನು ಉಳಿಸಿ ಮಿಕ್ಕವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಚೆನ್ನಾಗಿ ಬಂದ ಸಸಿಯನ್ನು ಕತ್ತರಿಸಲು ಕೈ ಬರುವುದಿಲ್ಲ ನಿಜ, ಆದರೆ ಒತ್ತೊತ್ತಾಗಿ ಬಿಟ್ಟ ಸಾಲಿಗೇ ತುಕ್ಕುರೋಗ ಮೊದಲು ಬರುವುದು.

ತುಕ್ಕು ಇದರ ದೊಡ್ಡ ಶತ್ರು. ಕೆಳಗಿನ ಎಲೆಯ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಕಿತ್ತಳೆ-ಕಂದು ಗುಳ್ಳೆ, ಮೇಲ್ಮೈಯಲ್ಲಿ ಹಳದಿ ಚುಕ್ಕೆ ಕಂಡರೆ ಅದೇ. ಚಿಲಿ ದೇಶದಿಂದ ಹಬ್ಬಿದ ಈ ಶಿಲೀಂಧ್ರಕ್ಕೆ ಇದೇ ಕುಟುಂಬದ ಹೂಗಿಡ ಹಾಲಿಹಾಕ್ ಅಚ್ಚುಮೆಚ್ಚು. ಹೋದ ವರ್ಷದ ಹಾಲಿಹಾಕ್ ಇನ್ನೂ ಮೂಲೆಯಲ್ಲಿ ನಿಂತಿದ್ದರೆ ರೋಗ ಅಲ್ಲಿಂದಲೇ ಬರುತ್ತದೆ. ಗುಳ್ಳೆಯಿರುವ ಎಲೆ ಕಿತ್ತು ಕಾಂಪೋಸ್ಟ್ ಗುಂಡಿಗೆ ಹಾಕದೆ ತೋಟದಿಂದಾಚೆ ಸಾಗಿಸಬೇಕು. ಲೀಟರಿಗೆ 2 ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕ ಸಿಂಪಡಿಸಿದರೆ ಹೊಸ ಎಲೆ ಉಳಿಯುತ್ತದೆ, ಹಿಡಿದ ಎಲೆ ವಾಸಿಯಾಗುವುದಿಲ್ಲ. ದಾಸವಾಳದ ಪಕ್ಕ ಮಡಿ ಮಾಡಿದರೆ ಬಿಳಿ ಹಿಟ್ಟುತಿಗಣೆಯೂ ನೆಂಟಸ್ತಿಕೆ ಹುಡುಕಿಕೊಂಡು ಬರುತ್ತದೆ.

ತಳಿಗಳಲ್ಲಿ ಸಿಲ್ವರ್ ಕಪ್ ಎರಡಡಿ ಎತ್ತರ, ಗುಲಾಬಿ ಬಣ್ಣದ ಮೇಲೆ ಗಾಢ ನರ. ಮಾಂಟ್ ಬ್ಲಾಂಕ್ ಅಚ್ಚ ಬಿಳಿ, ಇನ್ನೂ ಕುಳ್ಳ, ಕುಂಡಕ್ಕೆ ಹೇಳಿ ಮಾಡಿಸಿದ್ದು. ಲವ್‌ಲಿನೆಸ್ ಮೂರಡಿ ದಾಟುತ್ತದೆ, ಡಿಸೆಂಬರ್ ಗಾಳಿಗೆ ಅದರ ಕೊಂಬೆ ಕವಲಿನಲ್ಲೇ ಸೀಳುತ್ತದೆ. ಗಿಡ ಒಂದಡಿ ಇರುವಾಗಲೇ ಸುತ್ತ ಮೂರು ಕವಲುಕಡ್ಡಿ ಊರಿದರೆ ಎಲೆ ಬೆಳೆದು ಕಡ್ಡಿ ಮುಚ್ಚಿಹೋಗುತ್ತದೆ.

ಬಾಡಿದ ಹೂವನ್ನು ವಾರಕ್ಕೆರಡು ಸಲ ತೆಗೆಯುತ್ತಿದ್ದರೆ ಹೊಸ ಮೊಗ್ಗು ನಿಲ್ಲುವುದಿಲ್ಲ. ಬೀಜಕ್ಕೆಂದು ಫೆಬ್ರವರಿಯಲ್ಲಿ ಚೆನ್ನಾಗಿ ಹೂ ಬಿಟ್ಟ ಎರಡು ಗಿಡ ಮಾತ್ರ ಹಾಗೇ ಬಿಡುವುದು. ಕಾಯಿ ನೋಡಿದರೆ ತಕ್ಷಣ ಗುರುತು ಸಿಗುತ್ತದೆ: ನಡುವಿನ ದಿಂಡು ತಟ್ಟೆಯಂತೆ ಅಗಲವಾಗಿ, ಉಂಗುರದಂತೆ ಜೋಡಿಸಿದ ಬೀಜಗಳ ಮೇಲೆ ಕೊಡೆ ಹಿಡಿದಿರುತ್ತದೆ. ಆ ಕೊಡೆ ಕಂದಾಗಿ ಕಾಯಿ ಗರಿಗರಿಯಾದಾಗ ಬೆಳಿಗ್ಗೆ ಕೊಯ್ದು, ನೆರಳಲ್ಲಿ ಒಂದು ವಾರ ಒಣಗಿಸಿ ಕಾಗದದ ಪೊಟ್ಟಣದಲ್ಲಿಡುವುದು. ತಡಮಾಡಿದರೆ ಕೆಂಪು ಹತ್ತಿ ತಿಗಣೆ ಮೊದಲು ಬಂದು ಬೀಜದ ರಸ ಹೀರಿರುತ್ತದೆ. ಬಿಳಿ, ಗುಲಾಬಿ ಎರಡೂ ಒಟ್ಟಿಗಿದ್ದ ಮಡಿಯ ಬೀಜವಾದರೆ ಪೊಟ್ಟಣದ ಮೇಲೆ ಬಣ್ಣ ಬರೆಯಬೇಡಿ. ಜೇನ್ನೊಣ ಎಲ್ಲವನ್ನೂ ಬೆರೆಸಿರುತ್ತದೆ.