ಮಾಸ್ತರ ಟಕ್ ಟಕ್ ಮತ್ತು ನನ್ನ ಎಡಗಾಲಿನ ಚಪ್ಪಲಿ

ಹೋದ ತಿಂಗಳು ನಮ್ಮ ವಿಜ್ಞಾನದ ಮಾಸ್ತರು ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ಕಿವಿಯಲ್ಲಿ ಟಕ್ ಟಕ್ ಶುರುವಾಯಿತು.

ನಮ್ಮ ಹೈಸ್ಕೂಲು ಗುಡ್ಡದ ಮೇಲೆ, ನೀರು ಕೆಳಗಿನ ಹಳ್ಳದಲ್ಲಿ. ಕೊಡ ಹೊರುವ ಪಾಳಿ ಹುಡುಗರದ್ದು. ಒಂದು ಬೇಸಿಗೆ ರಜೆಯಲ್ಲಿ ಮಾಸ್ತರು ಶಿರಸಿಯ ಗುಜರಿಯಿಂದ ಜಿಐ ಪೈಪು ತಂದು ಹೈಡ್ರಾಮ್ ಮಾಡಿದರು, ಅಂದರೆ ನೀರಿನ ರಭಸದಿಂದಲೇ ನೀರೆತ್ತುವ ಪಂಪು. ಕರೆಂಟೂ ಬೇಡ, ಡೀಸೆಲ್ಲೂ ಬೇಡ. 8 ಅಡಿ ಎತ್ತರದಿಂದ ಪೈಪಿನಲ್ಲಿ ಇಳಿದ ನೀರು ಒಂದು ವಾಲ್ವಿನಿಂದ ಹೊರಗೆ ಚೆಲ್ಲುತ್ತದೆ. ರಭಸ ಜಾಸ್ತಿಯಾದಾಗ ವಾಲ್ವು ಟಕ್ ಎಂದು ತಾನೇ ಮುಚ್ಚಿಕೊಳ್ಳುತ್ತದೆ. ಓಡುವ ನೀರನ್ನು ಹಾಗೆ ತಡೆದರೆ ಅದು ಸುಮ್ನಿರುತ್ತದೆಯೇ? ಆ ಗುದ್ದಿಗೆ ಸ್ವಲ್ಪ ನೀರು ಎರಡನೇ ವಾಲ್ವನ್ನು ತಳ್ಳಿಕೊಂಡು, ಗಾಳಿ ತುಂಬಿದ ಡಬ್ಬಿಗೆ ನುಗ್ಗಿ, 40 ಅಡಿ ಮೇಲಿನ ಟಾಕಿಗೆ ಏರುತ್ತದೆ. ಮತ್ತೆ ಟಕ್. ಹತ್ತು ಕೊಡ ಹರಿದರೆ ಮೇಲೆ ಒಂದು ಕೊಡ. ಆದರೆ ಹಗಲೂ ರಾತ್ರಿ. ಇದನ್ನು 1796ರಲ್ಲಿ ಕಂಡುಹಿಡಿದದ್ದು ಫ್ರಾನ್ಸಿನ ಮೊಂಗೋಲ್ಫಿಯೆ ಅಂತೆ, ಬಿಸಿಗಾಳಿ ಬಲೂನು ಮಾಡಿದ ಅಣ್ಣತಮ್ಮಂದಿರಲ್ಲಿ ಅಣ್ಣ. ಹತ್ತನೇ ಕ್ಲಾಸಿನ ಪಾಠದಲ್ಲಿ ನನಗೆ ಉಳಿದಿದ್ದು ಇಷ್ಟೇ.

ಶಬ್ದ ನಿಂತರೆ ಮಾಸ್ತರಿಗೆ ಎಚ್ಚರವಾಗುತ್ತದೆ ಅಂತ ಹುಡುಗರ ಮಾತು. ಪರೀಕ್ಷೆ ಮಾಡಲು ಒಂದು ರಾತ್ರಿ ಯಕ್ಷಗಾನದ ನೆಪ ಹೇಳಿ ನಾವು ಮೂವರು ಹಳ್ಳಕ್ಕಿಳಿದೆವು. ವಾಲ್ವಿನ ಸಂದಿಗೆ ಅಡಿಕೆ ಹಾಳೆಯ ಚೂರು ತುರುಕಿದೆವು. ಟಕ್ ನಿಂತಿತು. ಒಂದು ಕವಳ ಹಾಕುವಷ್ಟು ಹೊತ್ತೂ ಆಗಿಲ್ಲ, ಮೇಲಿಂದ ಬ್ಯಾಟರಿ ಬೆಳಕು! ಅವರಿಬ್ಬರು ಓಡಿದರು. ನಾನು ಜಾರಿ ಬಿದ್ದೆ.

ಮಾಸ್ತರು ಬೈಯಲಿಲ್ಲ. ಹಾಳೆ ಎಳೆದು ತೆಗೆದರು. ವಾಷರ್ ಹರಿದಿತ್ತು. ನನ್ನ ಎಡಗಾಲಿನ ಹವಾಯಿ ಚಪ್ಪಲಿ ಬಿಚ್ಚಿಸಿ, ಚಾಕುವಿನಲ್ಲಿ ದುಂಡಗೆ ಕೊಯ್ದು ಅಲ್ಲೇ ಕೂರಿಸಿದರು. "ಈಗ ಒತ್ತು ತಮ್ಮಾ" ಎಂದರು. ನಿಂತ ಹೈಡ್ರಾಮಿನ ವಾಲ್ವನ್ನು ಕೈಯಲ್ಲಿ ಒತ್ತಿ ಒತ್ತಿ ಬಿಡಬೇಕು. ಮೂವತ್ತು ಸಲ ಒತ್ತಿದ ಮೇಲೆ ಅದು ತಾನಾಗಿ ಹಿಡಿದುಕೊಂಡಿತು. ಒಂಟಿ ಚಪ್ಪಲಿಯಲ್ಲಿ ಮನೆಗೆ ಹೋಗಿ ಆಯಿಗೆ ಹೇಳಿದ ಸುಳ್ಳು ಇಲ್ಲಿ ಬೇಡ.

ಈಗ ನಾನು ಪಂಪು ಕಂಪನಿಯೊಂದರಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥ. ಕೈಕೆಳಗೆ ನಲವತ್ತು ಜನ ಇದ್ದಾರೆ, ಸುಮ್ನೆ ಹೇಳಿದೆ. ಮಗಳ ಶಾಲೆಯ ವಿಜ್ಞಾನ ಮೇಳಕ್ಕೆ ಥರ್ಮಾಕೋಲಿನ ಜ್ವಾಲಾಮುಖಿ ಅಂಗಡಿಯಿಂದಲೇ ರೆಡಿಯಾಗಿ ಬಂತು, ಬಹುಮಾನವೂ ಬಂತು. ಅದರ ರಿಪೇರಿಗೆ ಯಾರ ಚಪ್ಪಲಿಯೂ ಬೇಕಾಗಲ್ಲ, ಅಲ್ವಾ?

ಹದಿಮೂರನೇ ದಿನ ಮಾಸ್ತರ ಮನೆಗೆ ಹೋಗಿದ್ದೆ. ಪೈಪೆಲ್ಲ ಯಾವಾಗಲೋ ಗುಜರಿಗೆ ಹೋಗಿದೆಯಂತೆ. ಅಟ್ಟದ ಮೇಲೆ ಒಂದು ಬಿಸ್ಕೀಟು ಡಬ್ಬಿ ಸಿಕ್ಕಿತು. ಅದರಲ್ಲಿ ಸೈಕಲ್ ಟ್ಯೂಬಿನ ಚೂರು, ತುಕ್ಕು ಹಿಡಿದ ನಟ್ಟುಗಳು, ಒಂದು ರಬ್ಬರಿನ ಬಿಲ್ಲೆ. ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಬಿಳಿ.

"ಇದು ನನ್ನ ಎಡಗಾಲಿನದು" ಅಂದೆ. ಮಾಸ್ತರ ಮಗ ನಂಬಲಿಲ್ಲ.