ತಂಬೂರಿ ಮುಂದೆ ಬಂದು ಕೂತಾಗ

ಕಳೆದ ನವರಾತ್ರಿಗೆ ಮೊದಲು ಅಮ್ಮ ಹಾಡಿದ ಆರು ದೇವರನಾಮಗಳನ್ನು ಮೈಸೂರಿನ ನಮ್ಮ ಮನೆಯ ಒಳಕೋಣೆಯಲ್ಲಿ ಧ್ವನಿಮುದ್ರಿಸಿಕೊಂಡೆ. ಅಮ್ಮನ ದನಿಗೊಂದು ಮೈಕು, ಮೃದಂಗಕ್ಕೊಂದು, ಅಜ್ಜನ ಕಾಲದ ತಂಬೂರಿಗೊಂದು. ಫ್ಯಾನ್ ಆರಿಸಿ, ಕಿಟಕಿಗೆ ರಗ್ಗು ಕಟ್ಟಿದ್ದಾಯಿತು. ಮುದ್ರಣ ಎರಡು ಸಂಜೆಗಳಲ್ಲಿ ಮುಗಿಯಿತು. ಅನಂತರದ ಮಾಸ್ಟರಿಂಗ್ ಕೆಲಸ, ಅಂದರೆ ಕೂಡಿಸಿ ಹದಗೊಳಿಸಿದ ಹಾಡನ್ನು ಕೇಳುಗರಿಗೆ ಕಳಿಸುವ ಮುನ್ನ ಕೊನೆಯದಾಗಿ ತಿದ್ದುವ ಕೆಲಸ, ನನ್ನ ಎರಡು ತಿಂಗಳನ್ನು ನುಂಗಿತು. ಅದಕ್ಕೆ ಕಾರಣ ನನ್ನದೇ ಒಂದು ಹಟ. ಸಿನಿಮಾ ಹಾಡುಗಳ ಪಕ್ಕದಲ್ಲಿ ಅಮ್ಮನ ಹಾಡು ಸಪ್ಪೆಯಾಗಿ ಕೇಳಬಾರದು, ಅಷ್ಟೇ ಜೋರಾಗಿರಬೇಕು ಎಂದುಕೊಂಡಿದ್ದೆ.

ಜೋರು ಮಾಡುವ ವಿಧಾನ ಕಲಿಯುವುದು ಕಷ್ಟವಲ್ಲ. ಲಿಮಿಟರ್ ಎಂಬ ಸಾಧನಕ್ಕೆ ಒಂದು ಮೇಲ್ಮಿತಿಯನ್ನು ಗೊತ್ತುಮಾಡಿ, ಒಳಬರುವ ಶಬ್ದವನ್ನು ಏರಿಸುತ್ತ ಹೋದರೆ, ಮಿತಿ ದಾಟುವ ತುದಿಗಳನ್ನಷ್ಟೇ ಅದು ಅದುಮುತ್ತದೆ, ಉಳಿದದ್ದೆಲ್ಲ ಮೇಲೇರುತ್ತದೆ. ನಾನು ಹದಿಮೂರು ಡೆಸಿಬೆಲ್ ಏರಿಸಿದೆ. ಸೊನ್ನೆಯೇ ಮೇಲಿನ ಕೊನೆಯಾದ್ದರಿಂದ ಅಂಕಿಗಳೆಲ್ಲ ಮೈನಸ್‌ನಲ್ಲಿರುವ ಅಳತೆಯ ಪಟ್ಟಿಯಲ್ಲಿ ಮೈನಸ್ 20ರ ಸುತ್ತ ಇದ್ದ ಹಾಡು ಮೈನಸ್ 8.5ಕ್ಕೆ ಬಂದು ನಿಂತಿತು. ನನಗೆ ಭಾರಿ ಖುಷಿ. ಅಮ್ಮ ಮಾತ್ರ ಪಲ್ಲವಿ ಮುಗಿಯುವಷ್ಟರಲ್ಲೇ ಹೆಡ್‌ಫೋನ್ ತೆಗೆದು, "ತಂಬೂರಿ ಯಾಕೋ ನನ್ನ ಮುಂದೆ ಬಂದು ಕೂತ ಹಾಗಿದೆ" ಎಂದಳು.

ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಹಾಡುವಾಗ ದನಿಯ ತುದಿಗಳು ಮಿತಿಗೆ ತಾಗುತ್ತಿದ್ದುದರಿಂದ ಲಿಮಿಟರ್ ಆ ಕ್ಷಣದಲ್ಲಿ ಜೊತೆಗಿದ್ದ ತಂಬೂರಿಯೂ ಸೇರಿ ಎಲ್ಲವನ್ನೂ ಕೆಳಕ್ಕೆ ಒತ್ತುತ್ತಿತ್ತು; ಅವಳು ಉಸಿರಿಗೆಂದು ನಿಂತ ಕೂಡಲೇ ಒತ್ತಡ ಸಡಿಲಿ, ಹದಿಮೂರು ಡೆಸಿಬೆಲ್ ಏರಿಕೆ ಪೂರ್ತಿಯಾಗಿ ತಂಬೂರಿಗೆ ದಕ್ಕುತ್ತಿತ್ತು. ಹಾಗಾಗಿ ಪ್ರತಿ ಸಾಲಿನ ಕೊನೆಗೂ ಶ್ರುತಿ ಉಬ್ಬಿ ಬರುತ್ತಿತ್ತು, ಮರುಸಾಲು ಶುರುವಾದೊಡನೆ ತಗ್ಗುತ್ತಿತ್ತು. ಡ್ರಮ್ಸ್ ಮತ್ತು ಗಿಟಾರ್‌ಗಳಿಂದ ತುಂಬಿದ ಹಾಡಿನಲ್ಲಿ ಈ ಉಬ್ಬರವಿಳಿತ ಎಷ್ಟೋ ಮುಚ್ಚಿಹೋಗುತ್ತದೆ, ಕೆಲವೊಮ್ಮೆ ಬೇಕೆಂದೇ ಅದನ್ನು ತರುತ್ತಾರೆ ಕೂಡ. ಆದರೆ ತಂಬೂರಿಯ ಕೆಲಸವೇ ಅಲುಗದೆ ಇರುವುದು. ಅದು ಮಿಸುಕಿದರೆ ಹಾಡುವವರ ನೆಲವೇ ಮಿಸುಕಿದ ಹಾಗೆ. ಇದರ ಜೊತೆಗೆ, ಆರಿಸಿದ ಫ್ಯಾನಿನ ಬದಲಿಗೆ ಪಕ್ಕದ ಮನೆಯ ಫ್ಯಾನು ಕೇಳತೊಡಗಿತ್ತು.

ಇಲ್ಲಿ ಅಳತೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಎಲ್ಲರೂ ನೋಡುತ್ತಿದ್ದುದು ಶಬ್ದದ ತುದಿಯನ್ನು, ಅಂದರೆ ಪೀಕ್ ಅನ್ನು. ತುದಿಗಳು ಒಂದೇ ಎತ್ತರದಲ್ಲಿರುವ ಎರಡು ಹಾಡುಗಳಲ್ಲಿ ಒಂದು ಮತ್ತೊಂದಕ್ಕಿಂತ ಬಹಳ ಜೋರಾಗಿ ಕೇಳಬಹುದು ಎಂಬುದಕ್ಕೆ ಆ ಅಳತೆಯಲ್ಲಿ ಉತ್ತರವಿರಲಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಬಿಎಸ್ 1770 ಎಂಬ ಶಿಫಾರಸಿನ ಮೂಲಕ ಕಿವಿಗೆ ಹತ್ತಿರವಾದ ಲೆಕ್ಕವನ್ನು ಕೊಟ್ಟಿತು. ಹಾಡಿನ ಜೋರನ್ನು ಅಳೆಯುವ ಎಲ್‌ಯುಎಫ್‌ಎಸ್ ಎಂಬ ಏಕಮಾನ ನಿಂತಿರುವುದು ಅದರ ಮೇಲೆ; ನನ್ನ ಹಾಡಿನ ಮೈನಸ್ 20, ಮೈನಸ್ 8.5 ಅದರ ಅಂಕಿಗಳೇ. ತೀರ ತಗ್ಗಿನ ಕಂಪನಗಳಿಗೆ ಅದು ಕಡಿಮೆ ಬೆಲೆ ಕೊಡುತ್ತದೆ, ಮೇಲಿನ ಕಂಪನಗಳಿಗೆ ಹೆಚ್ಚು. ತಂತಿಯಡಿ ದಾರವಿಟ್ಟು ಎಬ್ಬಿಸುವ ತಂಬೂರಿಯ ಝೇಂಕಾರವೆಲ್ಲ ಮೇಲಿನ ಕಂಪನಗಳೇ ಆದ್ದರಿಂದ, ತಂಬೂರಿಯನ್ನು ತುಸು ಏರಿಸಿದರೂ ಮೀಟರಿನ ಅಂಕಿ ಬೇಗ ಏರುತ್ತದೆ. ಇಡೀ ಹಾಡಿನ ಸರಾಸರಿಗಿಂತ ಹತ್ತು ಏಕಮಾನಕ್ಕೂ ಹೆಚ್ಚು ಕೆಳಗಿರುವ ಭಾಗಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡುವ ನಿಯಮವನ್ನು ಅನಂತರ ಸೇರಿಸಲಾಯಿತು. ನನ್ನ ಮೊದಲ ಮಿಕ್ಸಿಂಗ್‌ನಲ್ಲಿ ಬರಿಯ ತಂಬೂರಿ ಇರುವ ಕ್ಷಣಗಳು ಹಾಗೆ ಲೆಕ್ಕದ ಹೊರಗಿದ್ದವು, ಲಿಮಿಟರ್ ಹಾಕಿದ ಮೇಲೆ ಒಳಗೆ ಬಂದವು. ಅಮ್ಮ ಕಿವಿಯಿಂದ ಹಿಡಿದದ್ದನ್ನೇ ಮೀಟರೂ ಹೇಳುತ್ತಿತ್ತು, ನಾನು ಓದಿಕೊಂಡಿರಲಿಲ್ಲ.

ಇಷ್ಟೆಲ್ಲ ಹಿಂಸೆಯಿಂದ ಗಳಿಸಿದ ಜೋರು ಕೇಳುಗರನ್ನು ಮುಟ್ಟುತ್ತದೆಯೇ ಎಂದರೆ ಅದೂ ಇಲ್ಲ. ಸ್ಪಾಟಿಫೈ ಸಾಮಾನ್ಯ ಹೊಂದಿಕೆಯಲ್ಲಿ ಹಾಡುಗಳನ್ನು ಮೈನಸ್ 14ಕ್ಕೆ ಸರಿಹೊಂದಿಸಿ ನುಡಿಸುತ್ತದೆ, ಆಪಲ್ ಮ್ಯೂಸಿಕ್‌ನ ಗುರಿ ಮೈನಸ್ 16, ಯೂಟ್ಯೂಬ್ ಮೈನಸ್ 14ರ ಆಸುಪಾಸಿಗೆ ಇಳಿಸುತ್ತದೆ. ಮೈನಸ್ 8.5ರ ನನ್ನ ಹಾಡನ್ನು ಸ್ಪಾಟಿಫೈ ಐದೂವರೆ ಡೆಸಿಬೆಲ್ ತಗ್ಗಿಸುತ್ತದೆ. ಲಿಮಿಟರ್ ಮೈನಸ್ 1ಕ್ಕೆ ಕಟ್ಟಿಹಾಕಿದ್ದ ತುದಿಗಳು ಆಗ ಮೈನಸ್ 6.5ಕ್ಕೆ ಇಳಿದು, ಅದರ ಮೇಲಿನ ಜಾಗವೆಲ್ಲ ಖಾಲಿ ಬೀಳುತ್ತದೆ. ಆ ಖಾಲಿ ಜಾಗ ಮೃದಂಗದ ಚಾಪು ಎಂಬ ಪೆಟ್ಟಿಗೆ ಸೇರಬೇಕಾದದ್ದು. ಸರಾಸರಿಗಿಂತ ಹದಿನೈದು ಡೆಸಿಬೆಲ್ ಮೇಲಕ್ಕೆ ಚಿಮ್ಮುತ್ತಿದ್ದ ಪೆಟ್ಟಿನ ತಲೆ ಕತ್ತರಿಸಿ, ಕೊನೆಗೆ ಬೇರೆಯವರಷ್ಟೇ ಜೋರಿನಲ್ಲಿ ಮೊಂಡಾಗಿ ಕೇಳುವ ಮೃದಂಗವನ್ನು ನಾನು ತಯಾರಿಸಿದ್ದೆ.

ಜೋರಿನ ಈ ಪೈಪೋಟಿ ಇಂದಿನದಲ್ಲ. ಎಲ್‌ಪಿ ಕಾಲದಲ್ಲೂ ಇತ್ತು, ಆದರೆ ಶಬ್ದ ಜೋರಾದಷ್ಟೂ ತಟ್ಟೆಯ ಗೀರು ಅಗಲವಾಗಿ ಹಾಡಿನ ಅವಧಿ ಕಡಿಮೆಯಾಗುತ್ತಿದ್ದುದರಿಂದ ಅದಕ್ಕೆ ಒಂದು ಸಹಜ ಲಗಾಮಿತ್ತು. ಸಿಡಿಗೆ ಅಂಥ ಲಗಾಮಿರಲಿಲ್ಲ. ತೊಂಬತ್ತರ ದಶಕದಲ್ಲಿ ಡಿಜಿಟಲ್ ಲಿಮಿಟರ್‌ಗಳು ಸುಲಭವಾಗಿ ಸಿಗತೊಡಗಿದ ಮೇಲೆ ಪೈಪೋಟಿ ಹದ್ದುಮೀರಿತು. 2008ರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ರಾಕ್ ತಂಡದ ಹೊಸ ಆಲ್ಬಮ್‌ಗಿಂತ ಅದೇ ಹಾಡುಗಳ ವಿಡಿಯೋ ಗೇಮ್ ಆವೃತ್ತಿಯೇ ಕೇಳಲು ಹಿತವಾಗಿದೆ ಎಂದು ಅಭಿಮಾನಿಗಳೇ ದೂರಿದರು.

ಎರಡನೆಯ ಸಲ ಕೆಲಸಕ್ಕೆ ಕೂತಾಗ ಲಿಮಿಟರ್ ತೆಗೆದು ಬದಿಗಿಟ್ಟೆ. ದನಿಯ ಏರಿಳಿತ ಅತಿಯಾದ ಕಡೆಗಳಲ್ಲಿ ಸಾಲು ಸಾಲಾಗಿ ಕೈಯಿಂದಲೇ ಒಂದೆರಡು ಡೆಸಿಬೆಲ್ ಸರಿಪಡಿಸಿದೆ. ಬೇಸರದ ಕೆಲಸ, ಆದರೆ ಇದರಲ್ಲಿ ತಂಬೂರಿ ತನ್ನ ಜಾಗದಲ್ಲೇ ಇರುತ್ತದೆ. ತಿದ್ದುವ ಮುಂಚಿನದನ್ನೂ ಅನಂತರದ್ದನ್ನೂ ಹೋಲಿಸುವಾಗ ಎರಡನ್ನೂ ಒಂದೇ ಗಟ್ಟಿತನಕ್ಕೆ ತಂದು ಕೇಳುವ ಅಭ್ಯಾಸ ಮಾಡಿಕೊಂಡೆ, ಏಕೆಂದರೆ ಒಂದು ಡೆಸಿಬೆಲ್ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಸಲೀಸಾಗಿ ಮೋಸಹೋಗುತ್ತದೆ. ಕೋಣೆಯೂ ಮೋಸಮಾಡುತ್ತಿತ್ತು. ಹನ್ನೆರಡು ಅಡಿ ಉದ್ದದ ಕೋಣೆಯ ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಸ್‌ನ ಮತ್ತು ಅದರ ಇಮ್ಮಡಿಯಾದ 94 ಹರ್ಟ್ಸ್‌ನ ಅಲೆಗಳು ನಿಂತುಬಿಡುವುದರಿಂದ, ಮೃದಂಗದ ಎಡಗೈಯ ಗುಮುಕಿ ಎಂಬ ತಗ್ಗಿನ ನಾದ ಕುರ್ಚಿಯಲ್ಲಿ ಕೂತರೆ ಒಂದು ಥರ, ಗೋಡೆಗೊರಗಿದರೆ ಇನ್ನೊಂದು ಥರ ಕೇಳುತ್ತಿತ್ತು. ಹಾಗಾಗಿ ತಗ್ಗಿನ ಕಂಪನಗಳ ತೀರ್ಮಾನವನ್ನೆಲ್ಲ ಹೆಡ್‌ಫೋನಿನಲ್ಲೇ ಮಾಡಿದೆ. ಮಂದ್ರದಲ್ಲಿ ಝಣಗುಟ್ಟುತ್ತಿದ್ದ ಕಬ್ಬಿಣದ ಬೀರುವಿಗೆ ಮಾತ್ರ ಯಾವ ತಿದ್ದುಪಡಿಯೂ ಒಗ್ಗಲಿಲ್ಲ. ಮೂರನೆಯ ಹಾಡಿನ ಕೊನೆಯ ಚರಣದಲ್ಲಿ ಅದು ಇನ್ನೂ ಇದೆ.

ಕೊನೆಗೆ ಹೆಚ್ಚಿನ ಹಾಡುಗಳು ಮೈನಸ್ 17ರ ಹತ್ತಿರ ನಿಂತವು, ತುದಿ ಮೈನಸ್ 1.5ರಲ್ಲಿ. ಆ ಒಂದೂವರೆ ಡೆಸಿಬೆಲ್ ಬಿಟ್ಟದ್ದು ಜಿಪುಣತನದಿಂದಲ್ಲ; ಹಾಡನ್ನು ಎಂಪಿ3 ಅಥವಾ ಎಎಸಿ ಎಂಬ ಚಿಕ್ಕ ಕಡತಕ್ಕೆ ಕುಗ್ಗಿಸಿದಾಗ ಅಲೆಯ ಆಕಾರ ತುಸು ಬದಲಾಗಿ, ಮೂಲದಲ್ಲಿ ಮಿತಿಯೊಳಗಿದ್ದ ತುದಿಯೇ ಮಿತಿ ಮೀರಿ ಒಡೆಯಬಹುದು. ವಿಳಂಬದ ಒಂದು ಹಾಡನ್ನು ಮೈನಸ್ 19ರಲ್ಲೇ ಬಿಟ್ಟಿದ್ದೇನೆ. ಆರನ್ನೂ ಆಲ್ಬಮ್ ಆಗಿ ಅನುಕ್ರಮದಲ್ಲಿ ಕೇಳಿದರೆ ಸ್ಪಾಟಿಫೈ ಇಡೀ ಆಲ್ಬಮ್ಮಿಗೆ ಒಂದೇ ಏರಿಳಿಕೆ ಮಾಡುವುದರಿಂದ, ಆ ಹಾಡು ಮೆತ್ತಗೇ ಉಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಯೂಟ್ಯೂಬ್ ಜೋರಾದದ್ದನ್ನು ಇಳಿಸುತ್ತದೆಯೇ ಹೊರತು ಮೆತ್ತಗಿನದನ್ನು ಏರಿಸುವುದಿಲ್ಲ. ಸ್ಪಾಟಿಫೈ ಏರಿಸುತ್ತದೆ, ಆದರೆ ತುದಿ ಮೈನಸ್ 1 ಮುಟ್ಟುವವರೆಗೆ ಮಾತ್ರ, ಅಂದರೆ ನನ್ನ ಹಾಡಿಗೆ ದೊರೆಯುವುದು ಅರ್ಧ ಡೆಸಿಬೆಲ್. ಜಾಹೀರಾತು ಮುಗಿದು ಅಮ್ಮನ ಹಾಡು ಶುರುವಾದಾಗ ದನಿ ಕುಗ್ಗಿದಂತೆ ಕೇಳುವುದು ನಿಜ. ಹುಬ್ಬಳ್ಳಿಯಿಂದ ಸೋದರಮಾವ ಫೋನ್ ಮಾಡಿ, "ಹಾಡು ಛಲೋ ಐತಿ, ಸೌಂಡ್ ಸ್ವಲ್ಪ ಕಮ್ಮಿ ಆಗೇದಲ್ಲೋ" ಎಂದರು. ಫೋನಿನ ವಾಲ್ಯೂಮ್ ಎರಡು ಗೀಟು ಏರಿಸಿ ಕೇಳಿ ಮಾವ ಎಂದೆ.