ಹದಿನೆಂಟನೇ ಕಿಲೋಮೀಟರ್
ಇವತ್ತು ಮೈಸೂರಲ್ಲಿ ಹಾಫ್ ಮ್ಯಾರಥಾನ್ ಓಡಿದೆ. 21.1 ಕಿಲೋಮೀಟರ್. ಲಲಿತ ಮಹಲ್ ರಸ್ತೆಯಲ್ಲಿ ಎಲ್ಲಾ ಚೆನ್ನಾಗೇ ಇತ್ತು, 18 ದಾಟುವಾಗ ಮೀನಖಂಡ ಹಿಡಿದುಕೊಂಡು ಕಾಲೇ ಎತ್ತೋಕೆ ಆಗಲಿಲ್ಲ, ಅಲ್ಲೇ ಒಂದು ಮನೆ ಗೇಟು ಹಿಡಿದು ನಿಂತುಬಿಟ್ಟೆ.

ಬಾಗಿಲಲ್ಲಿ ಅಜ್ಜಿಯೊಬ್ಬರು ರಂಗೋಲಿ ಹಾಕುತ್ತಿದ್ದರು. ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಚೊಂಬಲ್ಲಿ ನೀರು ತಂದರು. 'ಮೆಲ್ಲಗೆ ಕುಡಿ ಮಗ, ಇನ್ನೇನು ಬಂತು.' ಚೊಂಬಿನ ಮೇಲೆಲ್ಲಾ ಅವರ ಬೆರಳಿನ ಬಿಳಿ ಗುರುತು.

ಹೋದ ತಿಂಗಳು ಮಂಡ್ಯದಲ್ಲಿ ಇದಕ್ಕಿಂತ ಜೋರಾಗಿ ಓಡಿದ್ದೆ. ಆ ಓಟದಲ್ಲಿ ನನಗೆ ನೆನಪಿರೋದು ಟೈಮಿಂಗ್ ಒಂದೇ. ಇವತ್ತಿನ ಟೈಮಿಂಗ್ ಇನ್ನೂ ನೋಡಿಲ್ಲ, ನೋಡಬೇಕು ಅಂತಲೂ ಅನ್ನಿಸುತ್ತಿಲ್ಲ.

ಮನೆಗೆ ಬಂದು ನೋಡಿದರೆ ವಾಚಿನ ಪಟ್ಟಿ ಮೇಲೆ ರಂಗೋಲಿ ಪುಡಿ ಹಾಗೇ ಇದೆ. ಒರೆಸಿಲ್ಲ.